ಕಾರ್ನಾಡರು ‘ಹಿಂದಿ ನಟ’ರಂತೆ! ನಾಚಿಕೆಯಾಗಬೇಕಾದ್ದು ಯಾರಿಗೆ?

2019ರ ಜೂನ್ 10, ಸೋಮವಾರ. ಗಿರೀಶ್ ಕಾರ್ನಾಡರು ಬೆಂಗಳೂರಿನಲ್ಲಿ ತೀರಿಕೊಂಡ ದಿನ. ಹೊಸಪೇಟೆಯ ನನ್ನ ಪ್ರೆಸ್ಸಿಗೆ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಹುಡುಗರು ಬಂದರು. ಕೊರಳಲ್ಲಿ ಹಳದಿ-ಕೆಂಪು ಶಾಲು. ಸಂಜೆ ಸರ್ಕಲ್ಲಿನಲ್ಲಿ ಶ್ರದ್ಧಾಂಜಲಿ ಸಭೆ, ಅರ್ಜೆಂಟಾಗಿ ಒಂದು ಫ್ಲೆಕ್ಸ್ ಬೇಕು ಎಂದರು. ಒಳ್ಳೇ ಕೆಲಸ ಎಂದುಕೊಂಡೆ. ಮ್ಯಾಟರ್ ಕೊಡ್ರಪಾ ಅಂದೆ. ಚೀಟಿ ಕೊಟ್ಟರು. ಓದಿದವನಿಗೆ ಎದೆ ಧಸಕ್ಕೆಂದಿತು.

“ಖ್ಯಾತ ಹಿಂದಿ ಚಿತ್ರನಟ ಗಿರೀಶ್ ಕಾರ್ನಾಡ್ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿ!”

“ಹಿಂದಿ ನಟ ಅಂತ ನಿಮಗೆ ಯಾರು ಹೇಳಿದ್ರೋ?” ಎಂದೆ.

“ಟೈಗರ್ ಪಿಚ್ಚರ್‌ನಾಗೆ ಸಲ್ಮಾನ್ ಖಾನ್‌ಗೆ ಸಾಹೇಬ್ರು ಆಗಿರ್ತಾರಲ್ಲಣ್ಣಾ, ಮೂಗಿಗೆ ಪೈಪ್ ಹಾಕ್ಕೊಂಡು, ಅವ್ರೇ. ಟೀವಿನಾಗೂ ಹಂಗೇ ಬರಾಕತ್ತೈತಿ.”

ನಾನು ಪೆನ್ನು ತಗೊಂಡು ‘ಹಿಂದಿ ಚಿತ್ರನಟ’ ಎಂಬುದನ್ನು ಹೊಡೆದು ಹಾಕಿ ‘ಕನ್ನಡದ ನಾಟಕಕಾರ, ಜ್ಞಾನಪೀಠ ಪುರಸ್ಕೃತ’ ಎಂದು ಬರೆದೆ. ಆಗ ಅವರಲ್ಲಿ ಚಿಕ್ಕವನೊಬ್ಬ ಕೇಳಿದ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತಿದೆ: “ಅವ್ರು ಕನ್ನಡದಾಗೂ ಬರದಾರೇನಣ್ಣಾ?”

ಕನ್ನಡ ಬಂಧುಗಳೇ, ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡದ ಶಾಲು ಹೊದ್ದು ಬಿಸಿಲಲ್ಲಿ ನಿಲ್ಲುವ ಹುಡುಗನಿಗೆ ಕನ್ನಡದ ದೊಡ್ಡ ಬರಹಗಾರನೊಬ್ಬ ಹಿಂದಿ ಸಿನಿಮಾದ ಮೂಲಕ ಪರಿಚಯವಾಗಬೇಕಾಯಿತಲ್ಲ, ಆ ಗತಿ ತಂದವರು ಯಾರು? ಈ ಲೇಖನ ಬರೆಯುತ್ತಿರುವುದು ಅದಕ್ಕಾಗಿ.

ದಿಲ್ಲಿಯ ಕನ್ನಡಕ

ಅವತ್ತು ರಾತ್ರಿ ಹಿಂದಿ ಚಾನೆಲ್‌ಗಳನ್ನು ತಿರುಗಿಸಿ ನೋಡಿದೆ. ಹುಡುಗ ಹೇಳಿದ್ದು ಸುಳ್ಳಲ್ಲ. ‘ಟೈಗರ್ ಜಿಂದಾ ಹೈ’ ನಟ ಇನ್ನಿಲ್ಲ ಎಂಬ ಪಟ್ಟಿ ಓಡುತ್ತಿತ್ತು. ಐವತ್ತೆಂಟು ವರ್ಷ ನಾಟಕ ಬರೆದವನ ಬದುಕನ್ನು ಎರಡು ಸಲ್ಮಾನ್ ಚಿತ್ರಗಳಿಗೆ, 2012ರ ‘ಏಕ್ ಥಾ ಟೈಗರ್’ ಮತ್ತು 2017ರ ‘ಟೈಗರ್ ಜಿಂದಾ ಹೈ’ಗೆ, ಇಳಿಸಿ ಕೈತೊಳೆದುಕೊಂಡರು. ದಿಲ್ಲಿ-ಮುಂಬೈಯವರ ಲೆಕ್ಕ ಇಷ್ಟೇ: ಹಿಂದಿಯಲ್ಲಿ ಕಂಡರೆ ನೀನು ‘ರಾಷ್ಟ್ರೀಯ’, ಕನ್ನಡದಲ್ಲಿ ಮಾಡಿದ್ದು ‘ಪ್ರಾದೇಶಿಕ’. ಬೆಂಗಳೂರಿನಲ್ಲಿ ಬೆಟ್ಟ ಕಡಿದರೂ ಲೆಕ್ಕಕ್ಕಿಲ್ಲ, ಮುಂಬೈಯಲ್ಲಿ ಹುಲ್ಲು ಕಿತ್ತರೆ ಮೊದಲ ಪುಟ!

ಹಾಗಾದರೆ ಲೆಕ್ಕ ನಾವೇ ಹಾಕೋಣ. ಕಾರ್ನಾಡರು ಹಿಂದಿಯಿಂದ ಪಡೆದದ್ದೆಷ್ಟು? ಹಿಂದಿಗೆ ಕೊಟ್ಟದ್ದೆಷ್ಟು?

ಕಾರ್ನಾಡರು ಹುಟ್ಟಿದ್ದು 1938ರ ಮೇ 19ರಂದು, ಈಗಿನ ಮಹಾರಾಷ್ಟ್ರದ ಮಾಥೇರಾನಿನಲ್ಲಿ. ಮನೆಮಾತು ಕೊಂಕಣಿ. ಬೆಳೆದದ್ದು ಶಿರಸಿ, ಧಾರವಾಡಗಳಲ್ಲಿ. ಶಿರಸಿಯಲ್ಲಿ ಯಕ್ಷಗಾನ, ಕಂಪನಿ ನಾಟಕ ನೋಡಿದ ಹುಡುಗ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿನ ವಿದ್ಯಾರ್ಥಿ ಯೂನಿಯನ್ನಿಗೆ ಅಧ್ಯಕ್ಷರೂ ಆದರು. ಅವರ ಆಸೆ ಇದ್ದದ್ದು ಇಂಗ್ಲಿಷ್ ಕವಿಯಾಗಬೇಕೆಂದು. ಆದರೆ ಹಡಗು ಹತ್ತುವ ಮುಂಚೆ, ಮನೆಯವರ ಒತ್ತಾಯ, ಹೊರಟುಹೋಗುವ ತಳಮಳದ ನಡುವೆ ಬರೆಯಲು ಕುಳಿತರೆ ಬಂದದ್ದು ಕವಿತೆಯಲ್ಲ, ನಾಟಕ. ಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ! ಅದೇ ‘ಯಯಾತಿ’. ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ಅಚ್ಚುಹಾಕಿತು.

ಇದನ್ನು ಎರಡು ಸಲ ಓದಿ. ಮನೆಮಾತು ಕೊಂಕಣಿ, ಕನಸು ಇಂಗ್ಲಿಷು. ಆದರೆ ಎದೆ ಒಡೆದು ಮಾತು ಬರಬೇಕಾದಾಗ ಬಂದದ್ದು ಕನ್ನಡ. ಭಾಷೆಯ ಶಕ್ತಿ ಎಂದರೆ ಇದು. ಮಗುವನ್ನು ಇಂಗ್ಲಿಷ್ ಶಾಲೆಗೆ ಹಾಕಿ ಮನೆಯಲ್ಲೂ ಕನ್ನಡ ಬೇಡವೆನ್ನುವ ತಂದೆತಾಯಿಗಳು ಯೋಚಿಸಬೇಕಾದ ಸಂಗತಿ. ಆಕ್ಸ್‌ಫರ್ಡಿಗೆ ಹೋಗಲು ಕನ್ನಡ ಅವರಿಗೆ ಅಡ್ಡ ಬರಲಿಲ್ಲ.

ಯಾರು ಯಾರಿಗೆ ಅನ್ನ ಹಾಕಿದರು?

1964ರಲ್ಲಿ ‘ತುಘಲಕ್’ ಬಂತು. ದಿಲ್ಲಿಯ ಸುಲ್ತಾನನ ಕತೆಯನ್ನು ಬರೆಯಲು ದಿಲ್ಲಿಯವರಿಗೆ ಸಾಧ್ಯವಾಗಲಿಲ್ಲ, ಧಾರವಾಡದ ಹುಡುಗ ಕನ್ನಡದಲ್ಲಿ ಬರೆದ. ಬಿ.ವಿ. ಕಾರಂತರು ಅದನ್ನು ಉರ್ದು-ಹಿಂದಿಗೆ ತಂದರು. ಇಬ್ರಾಹಿಂ ಅಲ್ಕಾಜಿ ದಿಲ್ಲಿಯ ಪುರಾನಾ ಕಿಲಾದಲ್ಲಿ ಆಡಿಸಿದರು. ಇವತ್ತಿಗೂ ದಿಲ್ಲಿಯ ರಂಗಭೂಮಿಯವರು ಆ ಪ್ರಯೋಗದ ಹೆಸರು ಹೇಳಿ ಎದೆ ತಟ್ಟಿಕೊಳ್ಳುತ್ತಾರೆ. ಆ ಅನ್ನ ಬೆಂದದ್ದು ಯಾವ ಒಲೆಯ ಮೇಲೆ ಎಂದು ಮಾತ್ರ ಹೇಳುವುದಿಲ್ಲ. ಮುಂದೆ ‘ಹಯವದನ’, ‘ನಾಗಮಂಡಲ’, ‘ತಲೆದಂಡ’, ‘ಅಗ್ನಿ ಮತ್ತು ಮಳೆ’ ಒಂದೊಂದೂ ಇದೇ ದಾರಿಯಲ್ಲಿ ಉತ್ತರಕ್ಕೆ ಹೋದವು.

ಸಿನಿಮಾಕ್ಕೆ ಬನ್ನಿ. ಕಾರ್ನಾಡರು ಮೊದಲು ಬಣ್ಣ ಹಚ್ಚಿದ್ದು ಹಿಂದಿಗಲ್ಲ. 1970ರ ‘ಸಂಸ್ಕಾರ’ಕ್ಕೆ. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಚಿತ್ರಕತೆ ಕಾರ್ನಾಡರದು, ಪ್ರಾಣೇಶಾಚಾರ್ಯನ ಪಾತ್ರವೂ ಅವರದೇ. ನಾರಣಪ್ಪನಾಗಿದ್ದವರು ಪಿ. ಲಂಕೇಶ್! ಸೆನ್ಸಾರಿನವರು ಮೊದಲು ತಡೆದರು. ಕೊನೆಗೆ ಬಿಡುಗಡೆಯಾಗಿ, ಕನ್ನಡಕ್ಕೆ ಮೊಟ್ಟಮೊದಲ ಸ್ವರ್ಣಕಮಲ ತಂದುಕೊಟ್ಟಿತು. ನಂತರ ಕಾರಂತರೊಂದಿಗೆ ‘ವಂಶವೃಕ್ಷ’. ಆ ಚಿತ್ರದಲ್ಲೇ ಅಲ್ಲವೇ ನಮ್ಮ ವಿಷ್ಣುವರ್ಧನ್ ಮೊದಲು ಮುಖ ತೋರಿಸಿದ್ದು! 1973ರಲ್ಲಿ ಆಲನಹಳ್ಳಿಯವರ ‘ಕಾಡು’. ಆ ಚಿತ್ರದಲ್ಲಿ ಗೌಡನಾಗಿ ಅಬ್ಬರಿಸಿದವರು ಅಮರೀಶ್ ಪುರಿ. ಹಿಂದಿಯವರು ಇವರ ಹೆಸರು ಕೇಳಿ ನಡುಗುವುದಕ್ಕೆ ಎಷ್ಟೋ ವರ್ಷ ಮುಂಚೆ ನಮ್ಮ ಹಳ್ಳಿಯ ಗೌಡನ ಪಂಚೆ ಉಟ್ಟಿದ್ದರು. 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ ಶಂಕರ್‌ನಾಗ್ ಎಂಬ ಮಿಂಚು ನಮಗೆ ಸಿಕ್ಕಿತು.

ಇನ್ನೊಂದು ಸಂಗತಿ. 1974-75ರಲ್ಲಿ ಕಾರ್ನಾಡರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರು. ಆಗ ಅಲ್ಲಿ ವಿದ್ಯಾರ್ಥಿಗಳ ಮುಷ್ಕರ ನಡೆಯಿತು. ಮುಂಚೂಣಿಯಲ್ಲಿದ್ದವನು ನಾಸಿರುದ್ದೀನ್ ಶಾ ಎಂಬ ಹುಡುಗ. ಬೇರೆ ಯಾರಾದರೂ ಆಗಿದ್ದರೆ ಅವನ ಭವಿಷ್ಯಕ್ಕೆ ಅಲ್ಲೇ ಬೀಗ ಹಾಕುತ್ತಿದ್ದರು. ಕಾರ್ನಾಡರು ಮಾಡಿದ್ದೇನು? ಶ್ಯಾಮ್ ಬೆನಗಲ್ ‘ನಿಶಾಂತ್’ ಚಿತ್ರಕ್ಕೆ ನಟರನ್ನು ಹುಡುಕುತ್ತಿದ್ದಾಗ, ತಮ್ಮ ವಿರುದ್ಧ ಕೂಗಿದ ಅದೇ ಹುಡುಗನ ಹೆಸರು ಹೇಳಿದರು! ಇದನ್ನು ನಾಸಿರುದ್ದೀನ್ ಶಾ ಅವರೇ ನೆನೆಸಿಕೊಂಡಿದ್ದಾರೆ. ಹಿಂದಿ ಚಿತ್ರರಂಗದ ಅತ್ಯುತ್ತಮ ನಟರಲ್ಲಿ ಒಬ್ಬನಿಗೆ ಬಾಗಿಲು ತೆರೆದದ್ದು ಒಬ್ಬ ಕನ್ನಡಿಗನ ದೊಡ್ಡ ಮನಸ್ಸು.

ಹಿಂದಿಯಲ್ಲಿ ಅವರು ಮಾಡಿದ ಪಾತ್ರಗಳು ಸಣ್ಣವೇನಲ್ಲ. 1975ರ ‘ನಿಶಾಂತ್’ನಲ್ಲಿ ಜಮೀನ್ದಾರರು ಹೆಂಡತಿಯನ್ನು ಎತ್ತಿಕೊಂಡು ಹೋದಾಗ ಊರೆಲ್ಲ ತಿರುಗಿ ಬೇಡುವ ಶಾಲಾ ಮಾಸ್ತರ. 1976ರ ‘ಮಂಥನ್’ನಲ್ಲಿ ಹಾಲಿನ ಸಹಕಾರ ಸಂಘ ಕಟ್ಟಲು ಬಂದ ದನದ ಡಾಕ್ಟರು. ಗುಜರಾತಿನ ಐದು ಲಕ್ಷ ರೈತರು ತಲೆಗೆ ಎರಡೆರಡು ರೂಪಾಯಿ ಹಾಕಿ ತೆಗೆಸಿದ ಚಿತ್ರ ಅದು. 2024ರಲ್ಲಿ ಅದನ್ನು ಹೊಸದು ಮಾಡಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಈ ಎರಡೂ ಚಿತ್ರಗಳಲ್ಲಿ ನಮ್ಮ ಅನಂತನಾಗ್ ಕೂಡ ಇದ್ದಾರೆ. 1977ರ ‘ಸ್ವಾಮಿ’ಯಲ್ಲಿ ಶಬಾನಾ ಆಜ್ಮಿಗೆ ಗಂಡ. 2005ರ ‘ಇಕ್ಬಾಲ್’ನಲ್ಲಿ ಬಡ ಹುಡುಗನನ್ನು ಹೊರಹಾಕುವ ಕ್ರಿಕೆಟ್ ಗುರು.

ನನ್ನ ವಯಸ್ಸಿನವರಿಗೆ ಅವರು ಮೊದಲು ಕಂಡದ್ದು ‘ಮಾಲ್ಗುಡಿ ಡೇಸ್’ನ ಸ್ವಾಮಿಯ ಅಪ್ಪನಾಗಿ. ಓಣಿಗೆ ಒಂದೇ ಟೀವಿ, ನೆಲದ ಮೇಲೆ ನಾವು ಇಪ್ಪತ್ತು ಹುಡುಗರು. ಬರೆದವರು ಮೈಸೂರಿನ ನಾರಾಯಣ್. ತೆಗೆದವರು ಶಂಕರ್‌ನಾಗ್. ಜಾಗ ಆಗುಂಬೆ. ನಟರು ಬಹುಪಾಲು ನಮ್ಮವರು. ಭಾಷೆ? ಹಿಂದಿ! ನಮ್ಮ ಮನೆಯ ಜನ ನಮ್ಮ ಮನೆಯಂಗಳದಲ್ಲಿ ನಿಂತು ನಮಗೆ ತಿಳಿಯದ ಮಾತು ಆಡಿದರು. ದೂರದರ್ಶನದ ಧಣಿಗಳು ಮಾಡಿದ ಕಣ್ಕಟ್ಟು ಅದು. ಆಗ ಅದು ಅವಮಾನ ಎಂದು ನಮಗೆ ಗೊತ್ತಾಗಲಿಲ್ಲ. ಮಕ್ಕಳಿಗೆ ಹೇಗೆ ಗೊತ್ತಾಗಬೇಕು?

ಹೋದವರು ಮರಳಿದರು

ಹಿಂದಿಗೆ ಹೋಗುವುದು ತಪ್ಪಲ್ಲ. ನಮ್ಮ ಸಂಡೂರಿನ ಹುಡುಗ ಗಣಿಯಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಬಿಹಾರದವರ ಜೊತೆ ದುಡಿಯುತ್ತಾನೆ. ಹಂಪಿಯ ಗೈಡು ಹಿಂದಿ ಕಲಿತು ಹೊಟ್ಟೆ ಹೊರೆಯುತ್ತಾನೆ. ಬೇಡ ಎನ್ನಲು ನಾವ್ಯಾರು? ಪ್ರಶ್ನೆ ಇರುವುದು, ದುಡಿದು ತಂದದ್ದನ್ನು ಯಾವ ಮನೆಗೆ ಸುರಿದೆ ಎಂಬುದರಲ್ಲಿ.

ಕಾರ್ನಾಡರು ಸಿನಿಮಾ ನಟನೆ ಸಂಪಾದನೆಗೆ ಎಂಬುದನ್ನು ಮುಚ್ಚಿಡಲಿಲ್ಲ. ಮುಂಬೈಯಲ್ಲಿ ಬಣ್ಣ ಹಚ್ಚಿದರು, ಕೂಲಿ ಪಡೆದರು, ಮರಳಿ ಬಂದು ಕನ್ನಡದಲ್ಲಿ ಬರೆದರು. 1998ರ ಜ್ಞಾನಪೀಠ ಬಂದದ್ದು ಕನ್ನಡ ಬರವಣಿಗೆಗೆ. 1999ರಲ್ಲಿ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು ತೆರೆಗೆ ತಂದರು. 2011ರಲ್ಲಿ ಆತ್ಮಕತೆ ಬರೆದಾಗ, ದೊಡ್ಡ ದುಡ್ಡು ಕೊಡುವ ಇಂಗ್ಲಿಷ್ ಪ್ರಕಾಶಕರನ್ನು ಬಿಟ್ಟು ಮೊದಲು ಕೊಟ್ಟದ್ದು ಅದೇ ಧಾರವಾಡದ ಮನೋಹರ ಗ್ರಂಥಮಾಲೆಗೆ. ಹೆಸರು ‘ಆಡಾಡತ ಆಯುಷ್ಯ’. ಐವತ್ತು ವರ್ಷದ ಹಿಂದೆ ಮೊದಲ ನಾಟಕ ಅಚ್ಚುಹಾಕಿದ ಮನೆಯನ್ನು ಮರೆಯಲಿಲ್ಲ. ಅಚ್ಚಿನವನಾಗಿ ಹೇಳುತ್ತೇನೆ, ಲಗ್ನಪತ್ರಿಕೆ ಮಾಡಿಸಿದ ಗಿರಾಕಿ ನಾಮಕರಣಕ್ಕೆ ಬರುವುದೇ ಕಷ್ಟ. ಈ ಮನುಷ್ಯ ಐವತ್ತು ವರ್ಷ ಗಿರಾಕಿಯಾಗಿ ಉಳಿದರು!

ಅನಂತನಾಗ್ ಅವರದೂ ಇದೇ ಕತೆ. 1974ರಲ್ಲಿ ಬೆನಗಲ್‌ರ ‘ಅಂಕುರ್’. ಅಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ, ಕನ್ನಡಕ್ಕೆ ಬಂದರು. 2025ರಲ್ಲಿ ಪದ್ಮಭೂಷಣ ಬಂದಾಗ ಯಾರೂ ಅವರನ್ನು ನಮಗೆ ಪರಿಚಯಿಸಬೇಕಾಗಲಿಲ್ಲ.

ಹಂಪಿಯ ಋಣ

ಈಗ ನಮ್ಮೂರಿನ ವಿಷಯ. ಕಾರ್ನಾಡರು ಬರೆದ ಕೊನೆಯ ನಾಟಕ ಯಾವುದು ಗೊತ್ತೇ? ‘ರಾಕ್ಷಸ ತಂಗಡಿ’. ಬಂದದ್ದು 2018ರಲ್ಲಿ. 1565ರ ಜನವರಿ 23ರ ಯುದ್ಧ, ಅಳಿಯ ರಾಮರಾಯನ ಕತೆ. ಅಂದರೆ ನಮ್ಮ ಕತೆ! ನಾವು ದಿನಾ ಬಸ್ಸಿನ ಕಿಟಕಿಯಿಂದ ನೋಡುವ ಕಲ್ಲುಗಳು ಹೇಗೆ ಹಾಳುಬಿದ್ದವು ಎಂಬ ಕತೆ.

ಒಂದು ತಪ್ಪೊಪ್ಪಿಗೆ. ಆ ಹುಡುಗರಿಗೆ ಬುದ್ಧಿ ಹೇಳಿದೆನಲ್ಲ, ಅವತ್ತು ನಾನೇ ಆ ನಾಟಕ ಓದಿರಲಿಲ್ಲ. ಪಿಯುಸಿಗೆ ಪುಸ್ತಕ ಮುಚ್ಚಿಟ್ಟವನು. ಫ್ಲೆಕ್ಸ್ ಕೊಟ್ಟು ಕಳಿಸಿದ ಮೇಲೆ ನಾಚಿಕೆಯಾಗಿ ತರಿಸಿ ಓದಿದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ.

ನಮಗೆ ಹೇಳಿಕೊಟ್ಟಿದ್ದು ಸುಲಭದ ಕತೆ: ಸುಲ್ತಾನರು ಬಂದರು, ಹಾಳುಮಾಡಿದರು, ಮುಗಿಯಿತು. ಕಾರ್ನಾಡರು ಇನ್ನೊಂದು ಬಾಗಿಲು ತೆರೆಯುತ್ತಾರೆ. ರಾಮರಾಯ ಆ ಸುಲ್ತಾನರನ್ನೇ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಆಳಿದವನು. ವಿಜಾಪುರದ ಅಲಿ ಆದಿಲ್‌ಶಾಹ ಇವನನ್ನು ತಂದೆ ಎಂದು ಕರೆದವನು. ಗದ್ದುಗೆಯ ಮೇಲೆ ಸದಾಶಿವರಾಯ ಹೆಸರಿಗೆ ಮಾತ್ರ, ಅಧಿಕಾರ ಅಳಿಯನ ಕೈಯಲ್ಲಿ. ಸೊಕ್ಕು, ಕುಲದ ಹಂಬಲ, ಹಳೆಯ ಅವಮಾನಗಳು ಎಲ್ಲ ಕೂಡಿ ಎದುರಾಳಿಗಳು ಒಂದಾದರು. ಯುದ್ಧ ಸೋತ ಮೇಲೆ ತಮ್ಮ ತಿರುಮಲ ಖಜಾನೆ ಹೇರಿಕೊಂಡು, ರಾಜನನ್ನೂ ಕರಕೊಂಡು ಪೆನುಗೊಂಡೆಯ ದಾರಿ ಹಿಡಿದ. ಕಾಯುವವರೇ ಓಡಿಹೋದ ಊರನ್ನು ಕಾಯುವವರು ಯಾರು? ಹೊರಗಿನವನು ಬಾಗಿಲು ಒಡೆಯುವುದಕ್ಕೂ ಮುಂಚೆ ಒಳಗಿನವರು ಕೀಲಿ ಬಿಟ್ಟು ಹೋಗಿದ್ದರು.

ನೊಬೆಲ್ ಪಡೆದ ನೈಪಾಲ್ ಹಂಪಿಯ ಕಲ್ಲುಗಳನ್ನು ನೋಡಿ ಸುಲಭದ ಕತೆಯನ್ನೇ ಲೋಕಕ್ಕೆ ಹೇಳಿದ್ದರು. 2012ರಲ್ಲಿ ಮುಂಬೈಯ ಸಾಹಿತ್ಯೋತ್ಸವದಲ್ಲಿ ಅದೇ ನೈಪಾಲರಿಗೆ ಸನ್ಮಾನ ಮಾಡಿದಾಗ ವೇದಿಕೆ ಹತ್ತಿ ಟೀಕಿಸಿದವರು ಕಾರ್ನಾಡರು. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ನಮ್ಮೂರಿನ ಕಲ್ಲಿನ ಬಗ್ಗೆ ಜಗಳ ಆಡುವಷ್ಟು ಕಾಳಜಿ ಇಟ್ಟ ಇನ್ನೊಬ್ಬ ನಟನನ್ನು ತೋರಿಸಿ!

2005ರ ಜಾಕಿ ಚಾನ್ ಚಿತ್ರದ ಶೂಟಿಂಗ್ ಹಂಪಿಯಲ್ಲಿ ನಡೆದದ್ದು ಎಂದು ಪ್ರವಾಸಿಗರಿಗೆ ಹೆಮ್ಮೆಯಿಂದ ಹೇಳುವವರು ನಮ್ಮಲ್ಲಿದ್ದಾರೆ. ರಾಮರಾಯನ ನಾಟಕ ಬರೆದವನ ಹೆಸರು ಹೇಳುವವರು ಎಷ್ಟು ಮಂದಿ?

ಬಾಟಲಿ ಎಸೆದರೆ ಕನ್ನಡ ಉಳಿಯುತ್ತದೆಯೇ?

2023ರ ಜನವರಿಯ ಹಂಪಿ ಉತ್ಸವ ನೆನಪಿಸಿಕೊಳ್ಳಿ. ಮುಂಬೈಯ ಗಾಯಕ ಕೈಲಾಶ್ ಖೇರ್ ಹಾಡುತ್ತಿದ್ದಾಗ ಕನ್ನಡ ಹಾಡು ಹಾಡಿ ಎಂದು ಕೂಗಿ ವೇದಿಕೆಗೆ ಬಾಟಲಿ ಎಸೆದರು. ಪೊಲೀಸರು ಇಬ್ಬರನ್ನು ಹಿಡಿದರು. ದೇಶಕ್ಕೆಲ್ಲ ಸುದ್ದಿಯಾಯಿತು.

ನೇರವಾಗಿ ಹೇಳುತ್ತೇನೆ, ನಮ್ಮವರಿಗೆ ಬೇಜಾರಾದರೂ ಸರಿ. ಕನ್ನಡ ಹಾಡು ಕೇಳಿದ್ದು ನೂರಕ್ಕೆ ನೂರು ಸರಿ. ಬಾಟಲಿ ಎಸೆದದ್ದು ತಪ್ಪು. ಆ ಗಾಯಕ ಕನ್ನಡ ಸಿನಿಮಾಗಳಿಗೂ ಹಾಡಿದವರೇ, ಕರೆದಾಗ ಬಂದ ಅತಿಥಿ. ಕರೆದವರು ಯಾರು? ಕಾರ್ಯಕ್ರಮಪಟ್ಟಿ ಮಾಡಿದವರು ಯಾರು? ಪ್ರಶ್ನೆ ಕೇಳಬೇಕಾದದ್ದು ಅವರನ್ನು, ಅದೂ ಪಟ್ಟಿ ಅಚ್ಚಾಗುವ ಮುಂಚೆ. ಎಸೆದ ಬಾಟಲಿ ಒಂದು ದಿನದ ಸುದ್ದಿ. ಬರೆದ ನಾಟಕ? ‘ತುಘಲಕ್’ಗೆ ಅರವತ್ತು ವರ್ಷ ದಾಟಿತು, ಇನ್ನೂ ಆಡುತ್ತಿದ್ದಾರೆ. ದಿಲ್ಲಿಗೆ ಹೆಚ್ಚು ಪೆಟ್ಟು ಕೊಟ್ಟಿದ್ದು ಯಾವುದು, ನೀವೇ ಹೇಳಿ.

ಕಾರ್ನಾಡರನ್ನು ಹೊಗಳಿದರೆ ಕೆಲವು ಗೆಳೆಯರು ಹುಬ್ಬು ಗಂಟಿಕ್ಕುತ್ತಾರೆಂದು ಗೊತ್ತು. 2015ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಕೆಂಪೇಗೌಡರ ಬದಲು ಟಿಪ್ಪುವಿನ ಹೆಸರಿಡಬಹುದಿತ್ತು ಎಂದರಲ್ಲ ಎನ್ನುತ್ತಾರೆ. ಹೌದು, ಅಂದರು. ಕನ್ನಡ ಸಂಘಟನೆಗಳು ಪ್ರತಿಭಟಿಸಿದವು. ಅವರು ಕ್ಷಮೆಯನ್ನೂ ಕೇಳಿದರು. ನನಗೂ ಆ ಮಾತು ಹಿಡಿಸಲಿಲ್ಲ. ಹಾಗೆಂದು ಹತ್ತು ನಾಟಕಗಳನ್ನು ಹೊಳೆಗೆ ಎಸೆಯುವುದೇ? ಮನೆಯ ಹಿರಿಯನ ಜೊತೆ ಜಗಳವಾಡುತ್ತೇವೆ, ಅವನು ನೆಟ್ಟ ಮರ ಕಡಿಯುವುದಿಲ್ಲ.

ಇನ್ನು ಕೆಲವರದು ಬೇರೆ ರಾಗ: ಕಾರ್ನಾಡರು ಮೂಲ ಕನ್ನಡಿಗರಲ್ಲವಂತೆ! ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಇಬ್ಬರೂ ಜ್ಞಾನಪೀಠ ತಂದವರು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿನಲ್ಲಿ ಕನ್ನಡಕ್ಕಾಗಿ ಪ್ರಾಣ ಕೊಟ್ಟವರು ಪೈಲ್ವಾನ್ ರಂಜಾನ್ ಸಾಬ್. ಅವರ ಜಾತಿ, ಮನೆಮಾತು ಯಾರು ಕೇಳಿದರು? ಆ ಸಾಲಿನಲ್ಲಿ ನಿಂತು ನಮ್ಮ ಜಿಲ್ಲೆಯವರು ‘ಮೂಲ’ ಕೆದಕಬಾರದು. ಕನ್ನಡಕ್ಕೆ ದುಡಿದವನು ಕನ್ನಡಿಗ. ಅಷ್ಟೇ.

ನಾವೇನು ಮಾಡಬೇಕು?

ಕಂಪ್ಲಿಯ ರೈತನೊಬ್ಬ ಮೊನ್ನೆ ಬ್ಯಾಂಕಿನ ಚಲನ್ ತಂದು ನನ್ನ ಟೇಬಲ್ಲಿನ ಮೇಲಿಟ್ಟ. “ಇದ್ರಾಗೆ ಕನ್ನಡ ಎಲ್ಲೈತಿ ಹುಡುಕ್ಕೊಡಣ್ಣಾ” ಎಂದ. ಹಿಂದಿ ಇತ್ತು, ಇಂಗ್ಲಿಷಿತ್ತು. ಕನ್ನಡ ಇರಲಿಲ್ಲ. ಚಲನ್ನಿನಲ್ಲಿ ಕನ್ನಡ ಕಾಣೆಯಾಗುವುದಕ್ಕೂ ಕಾರ್ನಾಡರು ‘ಹಿಂದಿ ನಟ’ರಾಗುವುದಕ್ಕೂ ಬೇರು ಒಂದೇ. ಹಿಂದಿಯಲ್ಲಿ ಇಲ್ಲದ್ದು ಇಲ್ಲವೇ ಇಲ್ಲ ಎಂಬ ಧೋರಣೆ ಅದು. ಚಲನ್ನಿಗೆ ಹೋರಾಡೋಣ, ಹೋರಾಡುತ್ತಲೇ ಇದ್ದೇವೆ. ಜೊತೆಗೆ ಈ ಕೆಲಸಗಳನ್ನೂ ಮಾಡೋಣ.

ಒಂದು, ಹಂಪಿ ಉತ್ಸವದಲ್ಲಿ ಪ್ರತಿ ವರ್ಷ ‘ರಾಕ್ಷಸ ತಂಗಡಿ’ ಆಡಿಸಬೇಕು. ಮೂಲೆಯ ವೇದಿಕೆಯಲ್ಲಲ್ಲ, ಮುಖ್ಯ ವೇದಿಕೆಯಲ್ಲಿ. ಮುಂಬೈಯಿಂದ ಒಬ್ಬ ಗಾಯಕನನ್ನು ಕರೆಸುವ ದುಡ್ಡಿನಲ್ಲಿ ನಮ್ಮ ಎಷ್ಟು ಹವ್ಯಾಸಿ ತಂಡಗಳು ಬದುಕಬಹುದು, ಅಧಿಕಾರಿಗಳು ಲೆಕ್ಕ ಹಾಕಲಿ. ರಂಗಭೂಮಿಯ ಹುಚ್ಚಿದ್ದ ಎಂ.ಪಿ. ಪ್ರಕಾಶರು ಕಟ್ಟಿದ ಉತ್ಸವ ಇದು ಎಂಬುದನ್ನು ಮರೆಯಬಾರದು.

ಎರಡು, ಹೊಸಪೇಟೆ, ಸಂಡೂರು, ಕಂಪ್ಲಿಯ ಗ್ರಂಥಾಲಯಗಳಿಗೆ ಹೋಗಿ ಕಾರ್ನಾಡರ ನಾಟಕ ಕೊಡಿ ಎಂದು ಕೇಳಿ. ಇಲ್ಲದಿದ್ದರೆ ಬರೆದುಕೊಡಿ. ಮತ್ತೆ ಹೋಗಿ ಕೇಳಿ. ನವೆಂಬರ್ ಒಂದಕ್ಕೆ ಬಾವುಟ ಹಾರಿಸುವಷ್ಟೇ ಮುಖ್ಯವಾದ ಕೆಲಸ ಇದು.

ಮೂರು, ನನ್ನ ಪಾಲಿನದು. ಈ ಮೂರೂ ಊರುಗಳಲ್ಲಿ ಯಾವ ಹುಡುಗರ ತಂಡ ಕಾರ್ನಾಡರ ನಾಟಕ ಆಡಿದರೂ ಹ್ಯಾಂಡ್‌ಬಿಲ್ಲು, ಟಿಕೆಟ್ಟು ನನ್ನ ಪ್ರೆಸ್ಸಿನಲ್ಲಿ ಕಾಗದದ ಖರ್ಚಿಗೆ ಮಾತ್ರ. ಕೂಲಿ ಬೇಡ. ಹಿಂದಿ ಹಾಡಿನ ರಸಮಂಜರಿಗಳಿಗೆ ಸಾವಿರಗಟ್ಟಲೆ ಹ್ಯಾಂಡ್‌ಬಿಲ್ಲು ಅಚ್ಚುಹಾಕಿ ದುಡ್ಡು ಎಣಿಸಿದವನು ನಾನು. ಆ ಲೆಕ್ಕ ಸ್ವಲ್ಪವಾದರೂ ಸರಿಹೋಗಲಿ.

ಅಂದಹಾಗೆ, ಕನ್ನಡದಾಗೂ ಬರದಾರೇನಣ್ಣಾ ಎಂದು ಕೇಳಿದನಲ್ಲ ಆ ಹುಡುಗ, ಅವನಿಗೆ ನಾನು ಓದಿ ಮುಗಿಸಿದ ‘ರಾಕ್ಷಸ ತಂಗಡಿ’ ಕೊಟ್ಟೆ. ತಿಂಗಳು ಬಿಟ್ಟು ವಾಪಸು ತಂದ. ಅಂಚು ಮಡಚಿ, ಎಣ್ಣೆ ಕಲೆ ಬಿದ್ದು ಹಾಳಾಗಿತ್ತು. ಮನೆಯಲ್ಲಿ ಅಕ್ಕ, ಅಮ್ಮ ಎಲ್ಲರೂ ಓದಿದರಂತೆ. “ಇದ್ರಾಗಿನ ರಾಮರಾಯನ ಪಾರ್ಟು ನಾನು ಮಾಡ್ಲೇನಣ್ಣಾ?” ಎಂದ.

ಮಾಡು ತಮ್ಮಾ. ಹ್ಯಾಂಡ್‌ಬಿಲ್ಲು ನನ್ನದು. ನಿನ್ನ ಹೆಸರು ದೊಡ್ಡಕ್ಷರದಲ್ಲಿ ಹಾಕುತ್ತೇನೆ, ಕನ್ನಡದಲ್ಲಿ.

ಸಿರಿಗನ್ನಡಂ ಗೆಲ್ಗೆ!